ಹೊಳಿಯಪ್ಪ ಗೆಲ್ಲಿಸಿದ ಫೈನಲ್

ಹೊಳಿಯಪ್ಪ ಮೂರನೇ ಕೊಡವನ್ನು ಪರದೆಯ ಅಂಚಿಗಿಟ್ಟು ಹಿಂದೆ ಸರಿದ. ಒಳಗೆ ಮಸೀದಿಯ ಇಬ್ಬರು ಹಿರಿಯರೂ ಮಗ ರಫೀಯೂ ಸೇರಿ ರಾಜಾಸಾಬನ ಮೈ ತೊಳೆಯುತ್ತಿದ್ದರು. ನೀರು ಸುರಿಯುವ ಸದ್ದು ಬಿಟ್ಟರೆ ಅಂಗಳದಲ್ಲಿ ಮಾತಿರಲಿಲ್ಲ. ಆಚೆಯ ರೈಸ್ ಮಿಲ್ಲಿನಿಂದ ಕುದಿಸಿದ ಭತ್ತದ ವಾಸನೆ ಬರುತ್ತಿತ್ತು. ಕಾರಟಗಿಯ ಆ ಮಿಲ್ಲಿನಲ್ಲಿ ಇಬ್ಬರೂ ಮೂವತ್ತು ವರ್ಷ ಜೊತೆಯಾಗಿ ಚೀಲ ಹೊತ್ತಿದ್ದರು.

ರಫೀ ಹೊರಗೆ ಬಂದು, ಒದ್ದೆ ತೋಳು ಒರೆಸಿಕೊಳ್ಳುತ್ತ ನೆರೆದವರ ಮುಂದೆ ನಿಂತ.

"ಅಬ್ಬಾ ಯಾರದರ ಮನಸ್ಸು ನೋಯಿಸಿದ್ರ ಮಾಫ್ ಮಾಡ್ರಿ. ಮನಸ್ಸಿನ್ಯಾಗ ಇಟ್ಕೋಬ್ಯಾಡ್ರಿ."

"ಮಾಫ್ ಮಾಡೀವಿ," ಎಂದರು ಎಲ್ಲರೂ. ಹೊಳಿಯಪ್ಪನ ಬಾಯಿಂದ ಮಾತ್ರ ಮಾತು ಹೊರಡಲಿಲ್ಲ. ಮಾಫಿ ಕೇಳಬೇಕಾದವನು ತಾನು. ಕೊಡಬೇಕಾದವನು ಪರದೆಯ ಹಿಂದೆ ಮಲಗಿದ್ದ.

*

ಸಕ್ಕರೆ ಕಾಯಿಲೆಯಿಂದ ರಾಜಾಸಾಬನ ಕಣ್ಣು ಹೋಗಿ ಹತ್ತು ವರ್ಷದ ಮೇಲಾಗಿತ್ತು. ಆದರೂ ಕ್ರಿಕೆಟ್ ಬಿಟ್ಟಿರಲಿಲ್ಲ. ಚಹಾದಂಗಡಿಯ ಟೀವಿಯ ದನಿ ಬಂದ್ ಮಾಡಿಸಿ, "ಅವರ ಗದ್ದಲ ಬ್ಯಾಡ, ನೀನ ಹೇಳು," ಅನ್ನುತ್ತಿದ್ದ. ಹೊಳಿಯಪ್ಪ ಕಂಡದ್ದನ್ನು ಹೇಳಿದರೆ, ಅವನು ಹಿಂದಿನದನ್ನು ಅದಕ್ಕೆ ಜೋಡಿಸುತ್ತಿದ್ದ. ಮೂವತ್ತೆರಡರಲ್ಲಿ ಲಾರ್ಡ್ಸಿನಲ್ಲಿ ಆಡಿದ ಮೊದಲ ಟೆಸ್ಟು, ಎಪ್ಪತ್ತೊಂದರಲ್ಲಿ ವೆಸ್ಟ್ ಇಂಡೀಸನ್ನೂ ಇಂಗ್ಲೆಂಡನ್ನೂ ಅವರ ನೆಲದಲ್ಲೇ ಸೋಲಿಸಿದ್ದು, ಎಂಬತ್ಮೂರರ ವಿಶ್ವಕಪ್ಪು, ಎಲ್ಲ ರೇಡಿಯೋದಲ್ಲಿ ಕೇಳಿ ಕಲಿತದ್ದು.

"ಆಗ ನಮ್ಮಲ್ಲಿ ಜೋರ ಬೌಲಿಂಗ್ ಹಾಕೋರು ಎಲ್ಲಿದ್ರು? ಚೆಂಡಿನ ಹೊಳಪು ಹೋಗಲಿ ಅಂತ ನಾಕ ಓವರ್ ಹಾಕಿ ಸ್ಪಿನ್ನರ್ ಕೈಗೆ ಕೊಡ್ತಿದ್ರು. ಈಗ ಮೂರು ಮಂದಿ ಬೆಂಕಿಯಂಗ ಹಾಕ್ತಾರ. ಇದು ಬ್ಯಾರೇನ ಟೀಮು."

ಇಪ್ಪತ್ಮೂರರ ವಿಶ್ವಕಪ್ ಫೈನಲ್‌ ಬರುವ ಹೊತ್ತಿಗೆ ಭಾರತ ಸತತ ಹತ್ತು ಪಂದ್ಯ ಗೆದ್ದಿತ್ತು. ಎದೆನೋವಾಗಿ ಗಂಗಾವತಿಯ ಆಸ್ಪತ್ರೆಯಲ್ಲಿದ್ದ ರಾಜಾಸಾಬ ಮನೆಗೆ ಬಂದು ಮೂರು ದಿನವಾಗಿತ್ತು. ಮನಸ್ಸಿಗೆ ಆಘಾತ ಆಗದಂತೆ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಹೊಳಿಯಪ್ಪ ಮಂಚದ ಪಕ್ಕ ಕೂತು, ಮೊಬೈಲಿನ ದನಿ ಬಂದ್ ಮಾಡಿ, ಎಂದಿನಂತೆ ಹೇಳತೊಡಗಿದ. ನಮ್ಮವರು ಇನ್ನೂರಾ ನಲವತ್ತಕ್ಕೆ ಆಲೌಟ್. ಆಸ್ಟ್ರೇಲಿಯಾ ನಲವತ್ತೇಳಕ್ಕೆ ಮೂರು. ಅಲ್ಲಿಯವರೆಗೆ ನಿಜ.

ಆಮೇಲೆ ವಿಕೆಟ್ ಬೀಳಲೇ ಇಲ್ಲ. ಬೌಂಡರಿಗಳು ಹೋಗುತ್ತಲೇ ಇದ್ದವು. ರಾಜಾಸಾಬ ಎದೆಯ ಮೇಲೆ ಕೈಯಿಟ್ಟುಕೊಂಡು, "ಯಾಕೋ ಸುಮ್ಮನಾದಿ?" ಎಂದ.

ಹೊಳಿಯಪ್ಪ ಅವನ ಮುಖ ನೋಡಿದ.

"ಔಟ್," ಎಂದ.

ಹಾಗೆ ಏಳು ವಿಕೆಟ್‌ಗಳನ್ನೂ ಅವನೇ ತೆಗೆದ. ಎರಡು ಕ್ಯಾಚು, ಒಂದು ರನೌಟು, ಉಳಿದವು ಸ್ಪಿನ್ನರುಗಳಿಗೆ. ಮೂವತ್ತು ರನ್ನಿನಿಂದ ಭಾರತ ಗೆದ್ದಿತು. ರಾಜಾಸಾಬ ನಿಧಾನವಾಗಿ ಉಸಿರು ಬಿಟ್ಟು, ಅವನ ಕೈ ಹಿಡಿದುಕೊಂಡು ಮಲಗಿದ.

*

ಶವವಿಟ್ಟ ಜನಾಜಾಕ್ಕೆ ಹೂವಿನ ಚಾದರ ಹೊದಿಸುವ ಹೊತ್ತಿಗೆ ಹೊಳಿಯಪ್ಪ ಹಿತ್ತಿಲಿಗೆ ಹೋದ. ರಾಜಾಸಾಬನ ಮಗಳು ಖುರ್ಷಿದಾ ಅಲ್ಲಿ ಒಬ್ಬಳೇ ಗೋಡೆಗೊರಗಿ ಕೂತಿದ್ದಳು.

"ಯವ್ವಾ, ನಿಮ್ಮಪ್ಪಗ ಒಂದು ಸುಳ್ಳು ಹೇಳಿದ್ದೆ. ಆ ಫೈನಲ್..."

"ಗೊತ್ತೈತಿ ಕಾಕಾ."

"ನಿನಗ ಗೊತ್ತಿರತೈತಿ. ಪಾಪ, ಅವಂಗ ಗೊತ್ತಿರಲಿಲ್ಲಲ್ಲ. ವಾರಕ್ಕೊಮ್ಮೆ ಆ ಏಳು ವಿಕೆಟ್ ಮತ್ತ ಹೇಳು ಅಂತಿದ್ದ. ಒಂದು ಕ್ಯಾಚ್ ತಪ್ಪಿ ಬ್ಯಾರೆ ಹೇಳಿದ್ರ, ಅವತ್ತು ಹಂಗ ಹೇಳಿದ್ದಿಲ್ಲ ನೀ ಅಂತಿದ್ದ. ಹೇಳಿ ಹೇಳಿ ನನ್ನ ಜೀವ ಹಣ್ಣಾತು."

ಖುರ್ಷಿದಾ ಸೆರಗಿನಿಂದ ಮೂಗು ಒರೆಸಿಕೊಂಡಳು. ಅಷ್ಟು ದುಃಖದಲ್ಲೂ ತುಟಿಯಂಚಿಗೆ ನಗು ಬಂದಿತ್ತು.

"ಅವತ್ತ ರಾತ್ರಿನ ಅಬ್ಬಾಗ ತಿಳಿದಿತ್ತು. ನಾವು ಕಪ್ ಗೆದ್ದಿದ್ರ ಕಾರಟಗ್ಯಾಗ ಒಂದರ ಪಟಾಕಿ ಹಾರಬೇಕಿಲ್ಲೇನು ಅಂದ್ರು. ಹೊಳಿಯಪ್ಪನ ಮುಂದ ಬಾಯಿ ಬಿಡಬ್ಯಾಡ ಅಂತ ಆಣೆ ಹಾಕಿಸಿಕೊಂಡ್ರು."

"ಮತ್ಯಾಕ ಕೇಳ್ತಿದ್ದ?"

"ಐವತ್ತು ವರ್ಷ ನಮ್ಮ ಟೀಮಿನ ಆಟ ಕೇಳೀನಿ, ಹೊಳಿಯಪ್ಪ ಆಡಿದಂಗ ಯಾರೂ ಆಡಿದ್ದಿಲ್ಲ, ಅಂತಿದ್ರು."

ಹೊಳಿಯಪ್ಪ ಅಂಗಳದಿಂದ ಜನಾಜಾ ಎತ್ತುವ ದನಿ ಕೇಳಿ, ಓಡಿಹೋಗಿ ಹೆಗಲು ಕೊಟ್ಟ. ಚೀಲ ಹೊತ್ತು ಪಳಗಿದ ಹೆಗಲು. ದಾರಿಯಲ್ಲಿ ಯಾರು ಕೇಳಿದರೂ ಬಿಟ್ಟುಕೊಡಲಿಲ್ಲ.

ಮಣ್ಣು ಮುಗಿಯಿತು. ದುವಾ ಮುಗಿಸಿ ಜನರು ಒಬ್ಬೊಬ್ಬರಾಗಿ ಹೊರಟರು. ರಫೀ ಗೇಟಿನ ಹತ್ತಿರ ಬೈಕ್ ಚಾಲೂ ಮಾಡಿಕೊಂಡು, "ಕಾಕಾ, ಬರ್ರಿ, ಮನಿಗೆ ಬಿಡ್ತೀನಿ," ಎಂದು ಕರೆದ.

ಹೊಳಿಯಪ್ಪ ತಿರುಗಲಿಲ್ಲ. ಹಸಿ ಮಣ್ಣಿನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು, ಗಂಟಲು ಸರಿಮಾಡಿಕೊಂಡ.

"ರಾಜಾ, ಟಾಸ್ ಅವರು ಗೆದ್ದರು ನೋಡು. ನಮಗ ಬ್ಯಾಟಿಂಗ್ ಕೊಟ್ಟರು. ಮೊದಲನೇ ಓವರ್..."

ಗೇಟಿನಲ್ಲಿ ರಫೀ ಬೈಕ್ ಬಂದ್ ಮಾಡಿದ.