ಬೆಂಕಿಯಿಲ್ಲದೆ ಬಂದ ಹುಲ್ಲು

ಹಿಮ ಬೀಳುವ ಬೆಟ್ಟದೂರು ನಮ್ಮ ಸಿರಕೋಟದಲ್ಲಿ ಪಿರೂಲ್ ಮೇಲೆ ಕಾಲು ಜಾರಿ ಬೀಳದ ಹೆಂಗಸು ಸಿಗಲಾರಳು. ಪಿರೂಲ್ ಎಂದರೆ ಪೈನ್ ಮರದಿಂದ ಉದುರುವ ಒಣ ಸೂಜಿಯೆಲೆ. ಬೇಸಿಗೆ ಬಂತೆಂದರೆ ಗುಡ್ಡದ ಮೇಲೆಲ್ಲ ಗೇಣು ದಪ್ಪ ಹಾಸಿಕೊಳ್ಳುತ್ತದೆ. ಅದರಡಿ ಹುಲ್ಲು ಮೊಳೆಯುವುದಿಲ್ಲ. ಅದಕ್ಕೇ ಚೈತ್ರದಲ್ಲಿ ಗುಡ್ಡಕ್ಕೆ ಒಂದು ಕಡ್ಡಿ ಗೀರುವುದು ನಮ್ಮಲ್ಲಿ ಹಳೆಯ ರೂಢಿ. ಪಿರೂಲ್ ಉರಿದುಹೋಗುತ್ತದೆ, ಆಮೇಲೆ ಹಸಿರು ಕಾಣುತ್ತದೆ.

ಖಿಮುಲಿ ಊರಿಗೆಲ್ಲ ಕಾಖಿ, ಅಂದರೆ ಚಿಕ್ಕಮ್ಮ. ಅವಳ ಪಾಲಿನ ಹುಲ್ಲುಗುಡ್ಡ ಕೊಟ್ಟಿಗೆಯ ಹಿಂದೆಯೇ ಇದೆ. ಅದರ ಮೇಲೆ ಬಾಂಜ್, ಅಂದರೆ ಓಕ್ ಮರಗಳ ಕಾಡು. ಅವಳಿಗಿರುವುದು ಒಂದೇ ಎಮ್ಮೆ. ಅದು ಗಬ್ಬವಾಗಿತ್ತು. ವೈಶಾಖದೊಳಗೆ ಹಸಿ ಹುಲ್ಲು ಸಿಗದಿದ್ದರೆ ಎಮ್ಮೆ ಸೊರಗುತ್ತದೆ. ಎಮ್ಮೆ ಸೊರಗಿದರೆ ಆ ಮನೆಯಲ್ಲಿ ಒಲೆ ಉರಿಯುವುದು ಕಷ್ಟ.

ಆ ಚೈತ್ರದ ಬೆಳಿಗ್ಗೆ ಕಾಖಿ ಕಡ್ಡಿಪೆಟ್ಟಿಗೆ ಹಿಡಿದು ಗುಡ್ಡ ಹತ್ತಿದ್ದಳು. ಅಷ್ಟರಲ್ಲಿ ಗೋವಿಂದಿ ಬಂದಳು. ಮಹಿಳಾ ಸಂಘದ ಪಿರೂಲ್ ಮೆಷಿನ್ ನಡೆಸುವವಳು ಅವಳೇ. ಹಿಂದೆ ಇನ್ನೂ ಮೂವರು, ಹೆಗಲ ಮೇಲೆ ಗೋರೆ, ಕೈಯಲ್ಲಿ ಖಾಲಿ ಚೀಲ.

“ಕಾಖಿ, ಕಡ್ಡಿ ಗೀರಬೇಡಿ.”

“ಯಾಕೆ, ನಿಮ್ಮಪ್ಪನ ಗುಡ್ಡವೇನೇ ಇದು?”

“ನಿಮ್ಮದೇ. ಅದಕ್ಕೇ ಕೇಳ್ತಿದೀನಿ. ಪಿರೂಲ್ ನಮಗೆ ಕೊಡಿ. ಚೀಲಕ್ಕಿಷ್ಟು ಅಂತ ಸಂಘ ದುಡ್ಡು ಕೊಡುತ್ತೆ.”

“ಆಹಾ! ಕಸದಿಂದ ಕರೆಂಟು ತೆಗೀತಾಳಂತೆ. ನಾಳೆ ಕಲ್ಲು ಹಿಂಡಿ ಹಾಲೂ ತೆಗೀತೀಯ.”

“ತೆಗೆದ್ರೆ ಮೊದಲ ಲೋಟ ನಿಮಗೇ,” ಎಂದು ಗೋವಿಂದಿ ನಕ್ಕಳು. “ಗಾಳಿಯಾಡದ ಡ್ರಮ್ಮಲ್ಲಿ ಪಿರೂಲ್ ನಿಧಾನಕ್ಕೆ ಕರಕಲಾಗುತ್ತೆ ಕಾಖಿ. ಗ್ಯಾಸ್ ಬರುತ್ತೆ. ಆ ಗ್ಯಾಸಲ್ಲಿ ಇಂಜಿನ್ ಓಡುತ್ತೆ, ಇಂಜಿನ್ನಿಂದ ಕರೆಂಟು. ಹಿಟ್ಟಿನ ಗಿರಣಿಗೆ ಡೀಸೆಲ್ ಕಾಯೋದು ಬೇಡ. ಉಳಿದ ಇದ್ದಿಲು ಒಲೆಗೆ.”

“ನಿನ್ನ ಗಿರಣಿ ನನ್ನೆಮ್ಮೆಗೆ ಹುಲ್ಲು ಹಾಕುತ್ತೇನೇ? ಬೂದಿ ಬಿದ್ರೆ ತಾನೆ ಹುಲ್ಲು ಬರೋದು! ನಮ್ಮತ್ತೆ ಸುಟ್ಟರು, ಅವರತ್ತೆ ಸುಟ್ಟರು. ಕಾಡೇನು ಓಡಿಹೋಯ್ತಾ?”

ಗೋವಿಂದಿ ಬಗ್ಗಿ ಪಿರೂಲ್ ಸರಿಸಿ ಒಣ ನೆಲ ಮುಟ್ಟಿ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: “ಅವರು ಸುಡೋವಾಗ ಮಾಘದ ಹಿಮ ಕರಗಿ ನೆಲ ಇನ್ನೂ ತೇವ ಇರ್ತಿತ್ತು. ಬೆಂಕಿ ತಾನೇ ಆರಿಹೋಗ್ತಿತ್ತು. ಈ ವರ್ಷ ಎಷ್ಟು ಹಿಮ ಬಿತ್ತು, ಹೇಳಿ?”

ಹಿಮ ಬಿದ್ದೇ ಇರಲಿಲ್ಲ. ವಸಂತದ ಕೆಂಪು ಬುರಾಂಶ್ ಹೂ ತಿಂಗಳು ಮೊದಲೇ ಅರಳಿ ಉದುರಿತ್ತು. ಹೋದ ವರ್ಷ ಕಾಖಿಯೇ ಹಚ್ಚಿದ ಬೆಂಕಿ ಮಾತು ಕೇಳದೆ ಬಾಂಜ್ ಕಾಡಿಗೆ ನುಗ್ಗಿತ್ತು. ಯಾರು ಹಚ್ಚಿದ್ದೆಂದು ಊರಿನವರು ಒಬ್ಬರೂ ಕೇಳಿರಲಿಲ್ಲ. ಅವರು ಕೇಳದೆ ಉಳಿದದ್ದು ಅವಳನ್ನು ವರ್ಷವಿಡೀ ಚುಚ್ಚಿತ್ತು.

“ಅರ್ಧ ಗುಡ್ಡ ಕೊಡಿ ಸಾಕು,” ಎಂದಳು ಗೋವಿಂದಿ. “ನಾವು ಗೋರಿ ತೆಗೀತೀವಿ. ಇನ್ನರ್ಧ ಹಾಗೇ ಇರಲಿ. ಕಡ್ಡಿ ಮಾತ್ರ ಬೇಡ. ವೈಶಾಖದೊಳಗೆ ಹುಲ್ಲು ಬರದಿದ್ರೆ ನನ್ನ ಗುಡ್ಡದ ಹುಲ್ಲೆಲ್ಲ ನಿಮ್ಮೆಮ್ಮೆಗೆ.”

“ನನ್ನೆಮ್ಮೆ ಎಷ್ಟು ತಿನ್ನುತ್ತೆ ಅಂತ ನಿನಗೆ ಗೊತ್ತಿಲ್ಲ.”

“ಗೊತ್ತಿದ್ದೇ ಹೇಳ್ತಿದೀನಿ.”

ಕಾಖಿ ಕಡ್ಡಿಪೆಟ್ಟಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಾಲ್ವರೂ ಸೇರಿ ಅರ್ಧ ಗುಡ್ಡವನ್ನು ಗೋರಿದರು.

ಆಮೇಲೆ ಎರಡು ಸಲ ತುಂತುರು ಮಳೆ ಬಂತು. ಕಾಖಿ ದಿನಾ ಸೌದೆ ಹುಡುಕುವ ನೆಪದಲ್ಲಿ ಗುಡ್ಡ ಹತ್ತಿ ನೋಡಿ ಬರುತ್ತಿದ್ದಳು. ಒಂದು ದಿನ ಗೋರಿದ ಕಡೆಯಲ್ಲಿ ಹಸಿರು ತುದಿಗಳು ಕಂಡವು. ಅಲ್ಲಿ ಚಿಟಿಕೆ ಬೂದಿಯೂ ಬಿದ್ದಿರಲಿಲ್ಲ. ಗೋರದ ಕಡೆಯಲ್ಲಿ ಅದೇ ಕಂದು ಹಾಸು. ಅವಳು ಎರಡರ ನಡುವೆ ಬಹಳ ಹೊತ್ತು ಕುಳಿತಳು. ಒಂದು ಹಿಡಿ ಕಿತ್ತು ತಂದು ಎಮ್ಮೆಯ ಮುಂದೆ ಹಿಡಿದಳು. ಎಮ್ಮೆ ಅವಳ ಬೆರಳನ್ನೂ ನೆಕ್ಕಿತು.

ಮರುದಿನ ಅವಳೇ ಗೋವಿಂದಿಯ ಬಾಗಿಲಿಗೆ ಬಂದಳು. “ಇನ್ನೊಂದು ಗೋರೆ ಇದೆಯೇನೇ?”

“ಯಾಕೆ ಕಾಖಿ, ಬೂದಿ ಬೇಡ್ವಾ?”

“ಬಾಯಿ ಮುಚ್ಚಿ ಗೋರೆ ಕೊಡು.”

“ಹುಲ್ಲಿಗೆ ಬೇಕಾಗಿದ್ದು ಬೂದಿ ಅಲ್ಲ ಕಾಖಿ, ಬೆಳಕು. ಮೇಲಿನ ಹೊದಿಕೆ ತೆಗೆದ್ರೆ ತಾನೇ ಏಳುತ್ತೆ.”

“ಗೊತ್ತಾಯ್ತು. ನೋಡಿದೆ.”

ಉಳಿದರ್ಧವನ್ನು ಕಾಖಿಯೇ ಮುಂದೆ ನಿಂತು ಗೋರಿಸಿದಳು.

ಜ್ಯೇಷ್ಠದ ಒಂದು ಮಧ್ಯಾಹ್ನ ಎದುರಿನ ಬೆಟ್ಟದಲ್ಲಿ ಹೊಗೆ ಎದ್ದಿತು. ಯಾರ ಬೆಂಕಿಯೋ ಗೊತ್ತಿಲ್ಲ. ಗಾಳಿ ನಮ್ಮ ಕಡೆಗೇ ಇತ್ತು. ಬೆಂಕಿ ಕಣಿವೆ ದಾಟಿ, ಪೈನ್ ಮರಗಳ ಕೆಳಗೆ ಪಟಪಟನೆ ಓಡುತ್ತ, ಕಾಖಿಯ ಗುಡ್ಡದತ್ತ ತಿರುಗಿತು. ಗೋವಿಂದಿ ಅರಣ್ಯ ಚೌಕಿಗೆ ಫೋನ್ ಮಾಡಿದಳು. ಕಾಖಿ ಎಮ್ಮೆಯನ್ನು ಬಿಚ್ಚಿ ನೆರೆಮನೆಯವಳ ಕೈಗೆ ಹಗ್ಗ ಕೊಟ್ಟಳು. ಆಮೇಲೆ ಹಸಿ ಕೊಂಬೆ ಮುರಿದುಕೊಂಡು ಎಲ್ಲರೊಂದಿಗೆ ಗುಡ್ಡದ ಅಂಚಿನಲ್ಲಿ ನಿಂತಳು.

ಎದೆಮಟ್ಟ ಬಂದ ಜ್ವಾಲೆ ಗೋರಿದ ನೆಲಕ್ಕೆ ತಲುಪುತ್ತಲೇ ಪಾದದೆತ್ತರಕ್ಕೆ ಇಳಿಯಿತು. ಅಲ್ಲಿ ಅದಕ್ಕೆ ತಿನ್ನಲು ಏನೂ ಇರಲಿಲ್ಲ. ಹೆಂಗಸರು ಕೊಂಬೆಯಿಂದ ಬಡಿದರು. ಇಲ್ಲಿ ಸ್ವಲ್ಪ, ಅಲ್ಲಿ ಸ್ವಲ್ಪ ಹೊಗೆಯಾಡಿ ಬೆಂಕಿ ಸತ್ತಿತು. ಕೊಟ್ಟಿಗೆ ಉಳಿಯಿತು. ಬಾಂಜ್ ಕಾಡೂ ಉಳಿಯಿತು.

ಮೊದಲು ನಕ್ಕವಳು ಕಾಖಿ. “ಉಣ್ಣೋಕೆ ಬಂದಿತ್ತು ಕಣ್ರೇ, ತಟ್ಟೆ ಖಾಲಿ!” ಆಮೇಲೆ ಇಡೀ ಗುಡ್ಡವೇ ನಕ್ಕಿತು. ಮಸಿ ಮೆತ್ತಿದ ಮುಖಗಳಲ್ಲಿ ಹಲ್ಲು ಮಾತ್ರ ಬೆಳ್ಳಗೆ ಕಾಣುತ್ತಿತ್ತು.

ಆ ವಾರವೇ ಎಮ್ಮೆ ಕರು ಹಾಕಿತು. ಕಾಖಿಯ ಗುಡ್ಡದ ಚೀಲಗಳಿಂದ ಗಿರಣಿ ಓಡಿತು. ಬಿಸಿ ರಾಗಿಹಿಟ್ಟಿನ ಕೆಳಗೆ ಅಂಗೈ ಒಡ್ಡಿ ಅವಳು ಕೇಳಿದಳು: “ಇದು ನನ್ನ ಗುಡ್ಡದ ಕಸವೇನೇ?”

“ನಿಮ್ಮದೇ ಕಾಖಿ.”

“ಹಾಗಾದ್ರೆ ಬೀಸಿಸೋಕೆ ಬರೋರೆಲ್ಲ ನನಗೊಂದು ನಮಸ್ಕಾರ ಹಾಕಿ ಬೀಸಿಸಲಿ.”

ಈಗ ಅಕ್ಕಪಕ್ಕದ ಊರಿನ ಹೆಂಗಸರು ಕೇಳಲು ಬಂದರೆ ಗೋವಿಂದಿ ಬಾಯಿ ತೆರೆಯುವ ಮೊದಲೇ ಕಾಖಿ ಶುರುಮಾಡುತ್ತಾಳೆ.

ಗುಡ್ಡದ ಅಕ್ಕತಂಗಿಯರೇ, ನಾನೂ ಕಾಖಿಯ ಮಾತನ್ನೇ ಹೇಳುತ್ತೇನೆ: ಹಿಮ ಕಡಿಮೆಯಾಗಿದೆ, ನೆಲ ಬೇಗ ಒಣಗುತ್ತಿದೆ. ನಿನ್ನೆಯ ರೂಢಿಯನ್ನು ಇಂದಿನ ಕಾಡು ತಾಳಲಾರದು. ಚೈತ್ರಕ್ಕೆ ಮೊದಲೇ ಮನೆ, ಕೊಟ್ಟಿಗೆಗಳ ಸುತ್ತ ಪಿರೂಲ್ ಗೋರಿ ತೆಗೆಯಿರಿ. ಗುಡ್ಡಕ್ಕೆ ಬೆಂಕಿ ಇಡಬೇಡಿ. ತೆಗೆದದ್ದನ್ನು ನಿಮ್ಮ ಸಂಘದ ಮೆಷಿನ್‌ಗೆ ಕೊಡಿ. ಮೆಷಿನ್ ಇಲ್ಲದ ಊರಿನವರು ಕೂಡಿ ಒಂದನ್ನು ಕೇಳಿ ಪಡೆಯಿರಿ. ಹೊಗೆ ಕಂಡರೆ ಕೂಡಲೇ ಅರಣ್ಯ ಚೌಕಿಗೆ ತಿಳಿಸಿ. ನಂಬಿಕೆ ಬರದಿದ್ದರೆ ಅರ್ಧ ಗುಡ್ಡವನ್ನಷ್ಟೇ ಗೋರಿ ನೋಡಿ. ಉಳಿದರ್ಧವನ್ನು ನೀವೇ ಗೋರುತ್ತೀರಿ.