ಧೂಳಪ್ಪ ಕೇಳುವ ಸಪ್ಪಳ

ಜೈನಾಪುರದ ಧೂಳಪ್ಪನಿಗೆ ಕಿವಿ ಮಂದ ಅಂತಲ್ಲ, ಪೂರಾ ಕಲ್ಲು. ಮೊಮ್ಮಗ ತೊಡೆಯ ಮೇಲೆ ಕೂತು ಹೋ ಎಂದು ಅತ್ತರೂ ಮುದುಕ ಮುಗುಳ್ನಗುತ್ತ ಆಕಾಶ ನೋಡುತ್ತಿದ್ದ. ಆದರೆ ವರ್ಷಕ್ಕೊಮ್ಮೆ ದಸರೆಯ ಸಂಜೆ ಅವನ ಮನೆಯ ಪಿಸ್ತೂಲಿನಿಂದ ಒಂದು ಗುಂಡು ಆಕಾಶಕ್ಕೆ ಹಾರಬೇಕು. ಆಮೇಲೆಯೇ ಊರವರು ಬನ್ನಿ ಎಲೆಗೆ ಕೈ ಹಚ್ಚಬೇಕು. ಅದು ಅವನ ಅಪ್ಪನ ಕಾಲದ ಪದ್ಧತಿ. ಆ ಸಪ್ಪಳವೊಂದೇ ಧೂಳಪ್ಪನ ಕಿವಿಗೆ ಬೀಳುತ್ತಿತ್ತು. ಹೇಗೆ ಅಂತ ನನ್ನನ್ನು ಕೇಳಬೇಡಿ, ಡಾಕ್ಟರಿಗೂ ಗೊತ್ತಿಲ್ಲ. ಗುಂಡು ಹಾರಿದ್ದೇ ತಡ, ಮುದುಕನ ಮುಖ ಹಸುಗೂಸಿನ ಮುಖದಂತೆ ಅರಳುತ್ತಿತ್ತು. ಮಗ ಸಂಗಣ್ಣ ಗುಂಡು ಹಾರಿಸುತ್ತಿದ್ದುದು ಊರಿಗಾಗಿಯೂ ಅಲ್ಲ, ದೇವರಿಗಾಗಿಯೂ ಅಲ್ಲ. ಆ ಮುಖ ನೋಡುವ ಆಸೆಗೆ.

ಅರವತ್ತೆರಡನೇ ಇಸವಿಯ ದಸರೆ ಹತ್ತಿರ ಬಂದಾಗ ಪಿಸ್ತೂಲು ಕೈಕೊಟ್ಟಿತು. ಖಂಡೇಪೂಜೆಗೆಂದು ತೆಗೆದು ಒರೆಸುತ್ತ ಸಂಗಣ್ಣ ಸುಮ್ಮನೆ ಟ್ರಿಗರಿಗೆ ಬೆರಳಿಟ್ಟು ಎಳೆದು ನೋಡಿದರೆ, ತೋಟಾದ ಹಿಂದಿನಿಂದ ಬಡಿಯುವ ಕುದುರೆ, ಅಂದರೆ ಆ ಸುತ್ತಿಗೆಯಂಥ ತುಂಡು, ಸತ್ತ ಹಲ್ಲಿಯ ಬಾಲದಂತೆ ಜೋತುಬಿತ್ತು. ಅಪ್ಪನಿಗೆ ಹೇಳದೆ, ಬಬಲೇಶ್ವರಕ್ಕೆ ನಡೆದು ಬಸ್ಸು ಹಿಡಿದು ವಿಜಾಪುರಕ್ಕೆ ಹೋದ.

ಸೊಲ್ಲಾಪುರ ರಸ್ತೆಯಲ್ಲಿ ಬಂದೂಕು ರಿಪೇರಿ ಮಾಡುವ ಸೈಫುದ್ದೀನನ ಅಂಗಡಿ. ಅಲ್ಲಿಯ ಬೆಂಚಿನ ಮೇಲೆ ಕೋರ್ಟಿನ ಶಿರಸ್ತೇದಾರ ಶ್ರೀಶೈಲಪ್ಪ ಯಾವಾಗಲೂ ಇರುತ್ತಿದ್ದರು. ಸ್ವಂತಕ್ಕೆ ಒಂದು ಪಿಸ್ತೂಲೂ ಇಲ್ಲ, ಹುಚ್ಚು ಮಾತ್ರ ಆಕಾಶದಷ್ಟು. ಸಂಗಣ್ಣ ಗಂಟು ಬಿಚ್ಚಿದ ಕೂಡಲೇ ಅವರು ಎದ್ದು ನಿಂತುಬಿಟ್ಟರು.

"ಅಯ್ಯಯ್ಯೋ, ವೆಬ್ಲಿ! ಮಾರ್ಕ್ ತ್ರೀ! ಸೈಫುದ್ದೀನ, ಒಮ್ಮೆ ತೆರೆಯೋ ಮಾರಾಯಾ!"

ಸೈಫುದ್ದೀನ ಪಕ್ಕದ ಕೀಲಿಯನ್ನು ಹೆಬ್ಬೆರಳಿನಿಂದ ಒತ್ತಿದ. ನಳಿಗೆ ಕೆಳಗೆ ಬಾಗಿತು. ಬಾಗುತ್ತಿದ್ದಂತೆ ತೋಟಾ ಕೂರುವ ಆರು ಮನೆಗಳ ನಡುವಿನಿಂದ ನಕ್ಷತ್ರದ ಆಕಾರದ ತುಂಡೊಂದು ತಾನಾಗಿ ಮೇಲೆದ್ದು, ಟಪ್ಪನೆ ಒಳಗೆ ಕೂತಿತು. ಸಂಗಣ್ಣ ಹುಟ್ಟಿದಾಗಿನಿಂದ ನೋಡಿದ್ದೇ, ಆದರೂ ಮೈ ಜುಮ್ಮೆಂದಿತು. ಶ್ರೀಶೈಲಪ್ಪನವರ ಕಣ್ಣಲ್ಲಿ ನೀರು.

"ಒಮ್ಮೆ ಬಗ್ಗಿಸಿದ್ರ ಆರೂ ಖಾಲಿ ತೋಟಾ ಹೊರಗ! ಇಂಥಾದ್ದು ಈಗ ಯಾವನು ಮಾಡ್ತಾನ? ಕಂಪನಿ ನಿಲ್ಲಿಸಿಬಿಡ್ತು. ಇದೊಂದು ಮಾಡೆಲು ಮತ್ತ ಶುರುವಾಗ್ಲಿ ಅಂತ ನಾ ದಿನಾ ಸಿದ್ಧೇಶ್ವರಗ ಕೈಮುಗೀತೇನಿ."

"ಸಿದ್ಧೇಶ್ವರ ಏನು ವಿಲಾಯತಿ ಕಾರಖಾನಿ ನಡಸ್ತಾನೇನ್ರಿ?" ಎಂದು ಸೈಫುದ್ದೀನ ನಕ್ಕ. ಪಿಸ್ತೂಲಿನ ಹೊಟ್ಟೆ ಬಿಚ್ಚಿ ನೋಡಿದ ಮೇಲೆ ನಗು ಹೋಯಿತು. ಚಿಮಟಿಗೆಯಂತೆ ಬಾಗಿದ ಪಟ್ಟಿ ಸ್ಪ್ರಿಂಗು ಎರಡು ತುಂಡಾಗಿತ್ತು.

"ಮಾಡೆಲು ನಿಂತ ಮ್ಯಾಲ ಸಾಮಾನೂ ನಿಂತು ಸಂಗಣ್ಣಾ. ಮುಂಬೈಯಾಗೂ ಸಿಗಂಗಿಲ್ಲ. ನಾ ಬಡದು ಮಾಡಿದ್ದು ಒಂದು ಏಟಿಗೆ ಮುರೀತೈತಿ."

"ಚಾಚಾ, ಹಂಗನಬ್ಯಾಡ್ರಿ. ನಮ್ಮಪ್ಪಗ ಇರೂದು ಅದೊಂದ ಸಪ್ಪಳ."

ಮಾತು ಅಲ್ಲಿಗೇ ನಿಂತಿತು, ಏಕೆಂದರೆ ಬಾಗಿಲಿಗೆ ಆನಂದೀಬಾಯಿ ಬಂದಿದ್ದಳು. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯವಳು, ಟಿಕೋಟಾದಲ್ಲಿ ಫೌಜದಾರನಾಗಿದ್ದವನ ಹೆಂಡತಿ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಸೆರಗಿನಡಿಯಿಂದ ಅವಳು ತೆಗೆದ ಪಿಸ್ತೂಲು ನೋಡಿ ಮೂವರೂ ಬೆರಗಾದರು. ಅದೇ ಮಾಡೆಲು. ಆದರೆ ಬೆಳ್ಳಿಯ ಪಂಚಪಾತ್ರೆಯ ಹಾಗೆ ಫಳಫಳ!

ಆ ಪುಣ್ಯಾತ್ಗಿತ್ತಿ ಮಾಡಿದ ಕೆಲಸ ಕೇಳಿ. ಗಂಡನ ವಸ್ತು ಮಾಸಬಾರದೆಂದು, ಪ್ರತಿ ಶುಕ್ರವಾರ ದೇವರ ಪಾತ್ರೆಗಳ ಜೊತೆ ಪಿಸ್ತೂಲನ್ನೂ ಹುಣಸೆಹಣ್ಣು, ಇಟ್ಟಂಗಿ ಪುಡಿ ಹಚ್ಚಿ ತಿಕ್ಕಿದ್ದಳು. ಕಪ್ಪು ಬಣ್ಣ ಹೋಯಿತು, ಕಂಪನಿಯ ಹೆಸರು ಹೋಯಿತು, ಕಡೆಗೆ ನಂಬರೂ ಹೋಯಿತು. ನಂಬರಿಲ್ಲದ ಪಿಸ್ತೂಲಿಗೆ ಲೈಸೆನ್ಸ್ ಇಲ್ಲ, ತಂದು ಜಮಾ ಮಾಡಿ ಅಂದಿದ್ದರು ಕಚೇರಿಯವರು.

"ನಂಬರು ಮತ್ತ ಮೂಡಿಸಲಿಕ್ಕೆ ಬರ್ತದೇನು?" ಎಂದು ಕೇಳಿದಳು.

"ಅದು ತಪ್ಪಾಗತೈತ್ರಿ ಬಾಯಾರ," ಎಂದ ಸೈಫುದ್ದೀನ ತಲೆ ತಗ್ಗಿಸಿ.

ಸಂಗಣ್ಣ ಆ ಪಿಸ್ತೂಲನ್ನೇ ನೋಡಿದ. ಕೇಳುವುದು ಹೇಗೆ? ಕೇಳದೆ ಇರುವುದಾದರೂ ಹೇಗೆ? ಕೇಳಿಯೇಬಿಟ್ಟ. "ಬಾಯಾರ, ಹೆಂಗೂ ಜಮಾ ಮಾಡ್ತೀರಿ. ಒಳಗಿನ ಒಂದು ಸ್ಪ್ರಿಂಗ್ ನನಗ ಕೊಡ್ರಿ."

"ಅವರ ಎದೀ ಬಗದು ಕೊಡು ಅಂದಂಗಾತಲ್ಲೋ ತಮ್ಮಾ!" ಎಂದು ಆಕೆ ಪಿಸ್ತೂಲನ್ನು ಎದೆಗವಚಿಕೊಂಡಳು.

ಆಗ ಸಂಗಣ್ಣ ಅಪ್ಪನ ವಿಷಯ ಹೇಳಿದ. ಬನ್ನಿಯ ಗುಂಡು, ಅರಳುವ ಮುಖ, ಎಲ್ಲಾ ಹೇಳಿದ. ಆನಂದೀಬಾಯಿ ಎದೆಗವಚಿದ್ದ ಪಿಸ್ತೂಲನ್ನು ಸೈಫುದ್ದೀನನ ಮುಂದಿಟ್ಟಳು.

"ಸಪ್ಪಳ ಹ್ಯಾಂಗಿರ್ತದ?" ಎಂದಳು. "ಇಷ್ಟು ವರ್ಷ ತಿಕ್ಕೀನಿ, ಒಮ್ಮೆನೂ ಕೇಳಿಲ್ಲ. ಮನ್ಯಾಗ ಅವರು ಎಂದೂ ಹಾರಿಸಲಿಲ್ಲ. ನಾನೂ ಬರ್ತೀನಿ ನಿಮ್ಮೂರಿಗೆ. ಬರಬಹುದೋ ಇಲ್ಲೋ?"

"ನೀವು ಬರಲಾರದ ನಾವು ಬನ್ನಿ ಮುಟ್ಟಂಗಿಲ್ರಿ," ಎಂದ ಸಂಗಣ್ಣ.

ದಸರೆಯ ಸಂಜೆ ಜೈನಾಪುರದ ಬನ್ನಿಗಿಡದ ಸುತ್ತ ಊರೇ ನೆರೆದಿತ್ತು. ಧೂಳಪ್ಪ ಹೊಸ ರುಮಾಲು ಸುತ್ತಿಕೊಂಡು ಮುಂದೆ ನಿಂತಿದ್ದ. ಆನಂದೀಬಾಯಿ ಕೊಟ್ಟ ಸ್ಪ್ರಿಂಗು ತನ್ನ ಪಿಸ್ತೂಲಿನೊಳಗೆ ಕೂತದ್ದು ಅವನಿಗೆ ಯಾರೂ ಹೇಳಿರಲಿಲ್ಲ. ಸಂಗಣ್ಣ ತೋಳೆತ್ತಿ ಬೆರಳೆಳೆದ.

ಢಂ! ಗಿಡದ ಹಕ್ಕಿಗಳೆಲ್ಲ ಒಮ್ಮೆಗೇ ಎದ್ದವು. ಆನಂದೀಬಾಯಿ ಎರಡೂ ಕೈ ಎದೆಯ ಮೇಲಿಟ್ಟುಕೊಂಡು ನಿಂತಳು. ಸಂಗಣ್ಣ ಆಸೆಯಿಂದ ಅಪ್ಪನತ್ತ ತಿರುಗಿದ.

ಧೂಳಪ್ಪ ಆಕಾಶವನ್ನೇ ನೋಡುತ್ತಿದ್ದ. "ಹೊತ್ತು ಮುಳುಗಾಕತ್ತೈತಿ," ಎಂದ. "ಇನ್ನೂ ಹೊಡಿಯಾಂಗಿಲ್ಲೇನೋ?"

ಉಳಿದಿದ್ದ ಆ ಒಂದು ಸಪ್ಪಳವೂ ಹೋಯಿತು ಎಂದು ಸಂಗಣ್ಣ ಎಲ್ಲರೆದುರೇ ಅತ್ತುಬಿಟ್ಟ.

"ಅಳಬ್ಯಾಡ," ಎಂದು ಆನಂದೀಬಾಯಿ ಹತ್ತಿರ ಬಂದಳು. "ಲೈಸೆನ್ಸ್ ನಿಮ್ಮಪ್ಪನ ಹೆಸರಿನ್ಯಾಗದ ಅಲ್ಲೇನು? ಅವರ ಕೈಯಾಗ ಕೊಡು."

ಸಂಗಣ್ಣ ಅಪ್ಪನ ಮುಷ್ಟಿಗೆ ಪಿಸ್ತೂಲು ಹಿಡಿಸಿ, ಮೊಣಕೈಗೆ ಆಸರೆ ಕೊಟ್ಟು ಮೇಲೆತ್ತಿದ. ಮುದುಕ ಬೆರಳೆಳೆದ. ಗುಂಡಿನ ಏಟು ಅಂಗೈಯಿಂದ ಮೊಣಕೈಗೆ, ಭುಜಕ್ಕೆ, ಕುತ್ತಿಗೆಗೆ ಏರಿ ದವಡೆಯನ್ನು ನಡುಗಿಸಿದ್ದು ಸಂಗಣ್ಣನ ಕೈಗೂ ತಿಳಿಯಿತು. ಧೂಳಪ್ಪ ಬಾಯಿ ತೆರೆದು ನಿಂತ. ಮುಖ ನಿಧಾನವಾಗಿ, ಹಿಂದೆಂದಿಗಿಂತ ಹೆಚ್ಚಾಗಿ ಅರಳಿತು.

"ಎಲುಬಿನ್ಯಾಗ ಕೇಳಿಸ್ತಲೇ ಸಂಗ್ಯಾ!" ಎಂದ. ಮರುಕ್ಷಣ ಹುಬ್ಬು ಗಂಟಿಕ್ಕಿ, ಪಿಸ್ತೂಲನ್ನು ಕೈಯಲ್ಲಿ ತೂಗಿ ನೋಡಿದ. "ಆದ್ರ ಇದು ನಮ್ಮ ಬಿಗಿ ಅಲ್ಲ. ಬೆಣ್ಣಿಯಂಗ ಎಳೀತು. ಇದರಾಗ ಬ್ಯಾರೆ ಯಾರೋ ಬಂದು ಕುಂತಾರ. ಯಾರವರು?"

ಸಂಗಣ್ಣ ಆನಂದೀಬಾಯಿಯತ್ತ ತಿರುಗಿದ.

ಗಂಡನ ಹೆಸರನ್ನು ಆನಂದೀಬಾಯಿ ಮದುವೆಯ ದಿನ ಒಡಪಿನಲ್ಲಿ ಹೇಳಿದ್ದೇ ಕೊನೆ. ಆಮೇಲೆ ಒಮ್ಮೆಯೂ ಬಾಯಲ್ಲಿ ತಂದವಳಲ್ಲ. ಈಗ ಧೂಳಪ್ಪನ ರುಮಾಲು ಸರಿಸಿ, ಏನೂ ಕೇಳದ ಆ ಕಿವಿಗೆ ಬಾಯಿ ಹಚ್ಚಿ, ಊರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

"ಸ್ವಾಮಿರಾಯರು!"