ಪೂಜೆಗೆ ತೆರೆದಿಟ್ಟ ಲ್ಯಾಪ್‌ಟಾಪ್

ನಾನೊಂದು ಲ್ಯಾಪ್‌ಟಾಪ್. ಹುಟ್ಟಿದ್ದು ಯಾವ ದೇಶದ ಕಾರ್ಖಾನೆಯಲ್ಲೋ ಏನೋ, ಕಣ್ಣು ಬಿಟ್ಟದ್ದು ಹುಬ್ಬಳ್ಳಿಯ ಒಂದು ಸೀರೆ ಕಂಪನಿಯಲ್ಲಿ. ಬಂದ ದಿನವೇ ನನಗೆ ಮೂಗುದಾರ ಹಾಕಿದರು. ಪೆನ್‌ಡ್ರೈವ್ ಚುಚ್ಚುವಂತಿಲ್ಲ, ಪ್ರಿಂಟ್ ತೆಗೆಯುವಂತಿಲ್ಲ, ಒಳಗಿನ ಚಿತ್ರ ಹೊರಗೆ ಕಳಿಸುವಂತಿಲ್ಲ. ಸೀರೆಯ ಹೊಸ ದಡಿ, ಅಂದರೆ ಅಂಚಿನ ಚಿತ್ತಾರ, ಕಂಪನಿಯ ಜೀವ. ಅಂಗಡಿಗೆ ಬರುವ ಮುಂಚೆ ಪರರ ಕಣ್ಣಿಗೆ ಬಿದ್ದರೆ ಮುಗಿಯಿತು.

ನನ್ನನ್ನು ಕೊಟ್ಟದ್ದು ರಬಕವಿಯ ಸುಮಂಗಲಳ ಕೈಗೆ. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಅವಳು, ಅತ್ತೆ ಬಸಲಿಂಗವ್ವ ಇಬ್ಬರೇ. ಅತ್ತೆ ಹೊರಗಿನ ಪಡಸಾಲೆಯಲ್ಲಿ ಮಗ್ಗ ನೇಯುವಳು, ಸೊಸೆ ಒಳಕೋಣೆಯಲ್ಲಿ ನನ್ನ ಮೇಲೆ ದಡಿ ಬರೆಯುವಳು. ಆ ಮನೆಯ ಒಲೆ ಉರಿಯುತ್ತಿದ್ದದ್ದು ಸೊಸೆಯ ಪಗಾರದಿಂದಲೇ. ಅವಳ ಬೆರಳಿನ ಚಳಕ ಎಂಥದ್ದು ಅಂತೀರಿ! ನನಗೇ ಹೆಮ್ಮೆಯಾಗುತ್ತಿತ್ತು.

"ಬಾಗಲಾ ಹಾಕ್ಕೊಂಡು ಮಾಡೂ ಕೆಲಸ ಎಂಥಾದವ್ವಾ ಅದು?" ಎಂದು ಮುದುಕಿ ಗೊಣಗುತ್ತಿದ್ದಳು.

ಮಾನವಮಿಯ ಖಂಡೇಪೂಜೆ, ಅಂದರೆ ಆಯುಧಪೂಜೆ, ಬಂತು. ನೇಯ್ಗೆಯಲ್ಲಿದ್ದ ಸೀರೆಯ ಸಮೇತ ಮಗ್ಗಕ್ಕೆ ಪೂಜೆಯಾಯಿತು. ಆಮೇಲೆ ನನ್ನ ಸರದಿ.

"ಬಟ್ಟಿ ಇಲ್ಲದ ಮಗ್ಗಕ್ಕ ಯಾರರ ಪೂಜಿ ಮಾಡ್ತಾರೇನ? ಇದನ್ನ ತೆರದ ಇಡು. ನೀ ಬರದ ದಡಿ ಕಾಣಲಿ," ಎಂದಳು ಅತ್ತೆ.

"ತೋರಸಬಾರ್ದ್ರಿ ಅತ್ತಿ. ಕಂಪನಿಯವ್ರು ಬೈತಾರ."

"ದೇವರಿಗೂ ತೋರಸಬಾರದೇನ?"

ಸುಮಂಗಲ ಸೋತಳು. ಹೊಸ ದಡಿಯನ್ನು ನನ್ನ ಮುಖದ ಮೇಲೆ ತಂದಿಟ್ಟು, ಹೋಳಿಗೆ ಸೀಯುತ್ತದೆಂದು ಒಳಗೆ ಓಡಿದಳು. ಅಷ್ಟರಲ್ಲಿ ಬಸಲಿಂಗವ್ವ ತನ್ನ ಫೋನಿನಲ್ಲಿ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿಯೇಬಿಟ್ಟಳು! ಬೇಡ ತಾಯಿ ಅನ್ನಲು ನನಗೆಲ್ಲಿಯ ಬಾಯಿ? ಕುಂಕುಮ ಹಚ್ಚಿಸಿಕೊಂಡು ಕೂತಿದ್ದೆ.

ಕೆಲವು ವಾರಗಳಲ್ಲಿ ಮುದುಕಿ ಸಂತೆಯಿಂದ ಒಂದು ಸೀರೆ ಕೊಂಡು ತಂದಳು. "ನಿನ್ನ ದಡಿ ಪ್ಯಾಟಿಗಿ ಬಂದೈತಿ ನೋಡ! ಉಟ್ಕೋ." ಸುಮಂಗಲ ಸೀರೆ ಬಿಡಿಸಿ ಅದರ ದಡಿಯನ್ನು ನನ್ನ ಪರದೆಯ ಪಕ್ಕಕ್ಕೆ ಹಿಡಿದು ನೋಡಿದಳು. ಅದು ಕಂಪನಿಯ ಸೀರೆಯಾಗಿರಲಿಲ್ಲ, ಯಾರೋ ಅವಳ ದಡಿ ಕದ್ದು ನೇಯ್ದದ್ದು. ಕಂಪನಿಯ ಸೀರೆ ಇನ್ನೂ ಮಗ್ಗವನ್ನೇ ಏರಿರಲಿಲ್ಲ.

ಮರುದಿನ ಕಂಪನಿಯ ಮ್ಯಾನೇಜರ್ ಪಟ್ಟಣಶೆಟ್ಟಿ ವೀಡಿಯೋ ಕರೆಯಲ್ಲಿ ನನ್ನ ಪರದೆಯ ಮೇಲೇ ಬಂದು, ಕೈಯಿಂದ ಕೈಗೆ ದಾಟಿ ತನಗೆ ಸಿಕ್ಕಿದ್ದ ಆ ಫೋಟೋ ತೋರಿಸಿದ. "ಯಾರು ತೆಗದದ್ರಿ ಇದನ್ನ?"

ಪಡಸಾಲೆಯಲ್ಲಿ ಮಗ್ಗದ ಸದ್ದು ಕೇಳುತ್ತಿತ್ತು. ಸುಮಂಗಲ ಎದ್ದು ಬಾಗಿಲು ಮುಚ್ಚಿ ಬಂದಳು. "ನಾನ ರೀ ಸರ್."

ನೌಕರಿ ಹೋಯಿತು. ಸತ್ಯವನ್ನು ಕಣ್ಣಾರೆ ಕಂಡಿದ್ದರೂ ನಾನು ಮಾಡಿದ್ದೇನು?

ನನ್ನನ್ನು ವಾಪಸ್ ಒಯ್ಯಲು ಕಂಪನಿಯಿಂದ ಬಂದವನಿಗೆ ಬಸಲಿಂಗವ್ವ ಚಹಾ ಕೊಟ್ಟಳು. ನಾನು ಕೆಟ್ಟಿದ್ದೇನೆ, ರಿಪೇರಿಗೆ ಹೊರಟಿದ್ದೇನೆ ಎಂದು ಸೊಸೆ ಅವಳಿಗೆ ಹೇಳಿದ್ದಳು.

"ಲಗೂನ ಕಳಸ್ರಿ ತಮ್ಮಾ," ಎಂದಳು ಮುದುಕಿ, "ಇದರ ಸಲುವಾಗಿ ನಮ್ಮ ಸೊಸಿ ಉಣ್ಣವಲ್ಲಳು."

ಈಗ ಹುಬ್ಬಳ್ಳಿಯ ಗೋದಾಮಿನ ಮೂಲೆಯಲ್ಲಿ ಧೂಳು ಹಿಡಿದು ಬಿದ್ದಿದ್ದೇನೆ. ನನಗೆ ಯಾವ ರೋಗವೂ ಇಲ್ಲ. ಆದರೆ ಬಸಲಿಂಗವ್ವ ಇಂದಿಗೂ ಕಂಪನಿಗೆ ಫೋನ್ ಮಾಡಿ ಕೇಳುತ್ತಾಳಂತೆ, ರಿಪೇರಿ ಆತೇನ್ರಿ ಎಂದು.